ರಾದಾಮೆಸ್ ಭಾವನ ನೀಲಿ ಟೋಪಿ

ನನ್ನ ಭಾವ ರಾದಾಮೆಸ್ ಪೊಲಾಂಕೊ ಸಾಂತಿಯಾಗೊ ಪೇಟೆಯಲ್ಲಿ ಹಾಸಿಗೆ ಮಾರುತ್ತಾನೆ. ಮಾರುವುದಕ್ಕಿಂತ ಹೆಚ್ಚಾಗಿ ಅದರ ಮೇಲೆ ಕೂತು ಮಾತಾಡುತ್ತಾನೆ. ಗಿರಾಕಿ ಹಾಸಿಗೆಯನ್ನು ಒಮ್ಮೆ ಒತ್ತಿ ನೋಡುವಷ್ಟರಲ್ಲಿ ಇವನ ಬೇಸ್‌ಬಾಲ್ ಪುರಾಣ ಶುರುವಾಗಿರುತ್ತದೆ. ತನ್ನ ಮೈಯಲ್ಲಿ ಹರಿಯುವುದು ಅಗಿಲಾಸ್ ತಂಡದ ಹಳದಿ ರಕ್ತವಂತೆ. ತಂಡ ಸೋತ ದಿನ ಅನ್ನ ಮುಟ್ಟುವುದಿಲ್ಲವಂತೆ. ಕ್ರೀಡಾಂಗಣದ ಗೇಟು ಕಾಯುವವನಿಂದ ಹಿಡಿದು ತಂಡದ ವೈದ್ಯನವರೆಗೆ ಎಲ್ಲರೂ ತನಗೆ ಜೀವದ ಗೆಳೆಯರಂತೆ. ಅನ್ನದ ಮಾತಂತೂ ಹಸಿ ಸುಳ್ಳು. ಅಗಿಲಾಸ್ ಹೀನಾಯವಾಗಿ ಸೋತ ದಿನವೇ ಅವನು ಅಕ್ಕ ಕರಿದಿಟ್ಟ ಬಾಳೆಕಾಯಿ, ಸಲಾಮಿ ಮಾಂಸದ ಬಿಲ್ಲೆ ಎರಡೆರಡು ಸಲ ಬಡಿಸಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅಕ್ಕನ ಹೆಸರು ನೂರಿಸ್. ಮನೆಯಲ್ಲೇ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಾಳೆ. ಹೊಲಿಗೆ ಯಂತ್ರದ ಪಕ್ಕ ಒಂದು ರೇಡಿಯೋ. ಆಟವಿದ್ದ ದಿನ ಅವಳನ್ನು ಮಾತಾಡಿಸುವಂತಿಲ್ಲ. ನನಗೋ ಆ ಆಟವೆಂದರೆ ತಲೆನೋವು. ಒಬ್ಬ ಚೆಂಡು ಎಸೆಯುತ್ತಾನೆ, ಇನ್ನೊಬ್ಬ ದೊಣ್ಣೆ ಬೀಸಿ ಗುರಿ ತಪ್ಪುತ್ತಾನೆ, ಮಿಕ್ಕವರೆಲ್ಲ ಸೂರ್ಯಕಾಂತಿ ಬೀಜ ಅಗಿದು ಉಗುಳುತ್ತ ನಿಂತಿರುತ್ತಾರೆ. ಅದಕ್ಕೆ ಇಡೀ ಊರು ಅಳುತ್ತದೆ, ನಗುತ್ತದೆ. ಆದರೆ ಅಕ್ಕನಿಗೆ ಅದು ಪ್ರಾಣ. ಹಾಗಿದ್ದೂ ಅವಳು ಕ್ರೀಡಾಂಗಣದ ಒಳಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಪ್ರತಿ ವರ್ಷವೂ ಭಾವ, "ರಾಜಧಾನಿಯ ಲಿಸೇ ತಂಡ ಬರ್ಲಿ ತಡಿಯೇ, ಆ ನೀಲಿ ನನ್ ಮಕ್ಳಿಗೆ ನಮ್ಮೋರು ಹೆಂಗೆ ಬಾರಿಸ್ತಾರೆ ಅಂತ ಮುಂದಿನ ಸಾಲಲ್ಲೇ ಕೂರ್ಸಿ ತೋರಿಸ್ತೀನಿ" ಎನ್ನುತ್ತಿದ್ದ. ಲಿಸೇ ಬರುತ್ತಿತ್ತು, ಹೋಗುತ್ತಿತ್ತು. ಟಿಕೆಟ್ಟಿನ ವಿಷಯ ಎತ್ತಿದರೆ ಇವನಿಗೆ ಬೆನ್ನುನೋವು ಬರುತ್ತಿತ್ತು. ಹಾಸಿಗೆ ಮಾರುವವನಿಗೆ ಬೆನ್ನುನೋವು!

ಕಳೆದ ಡಿಸೆಂಬರಿನ ಒಂದು ಭಾನುವಾರ ಎರಡೂ ತಂಡಗಳ ಆಟವಿತ್ತು. ಟಿಕೆಟ್ಟುಗಳು ಎಂದೋ ಮುಗಿದಿದ್ದವು. ನಾನು ಅಕ್ಕನ ಮನೆಯಲ್ಲಿ ಊಟ ಮುಗಿಸಿ ಕಾಫಿ ಕುಡಿಯುತ್ತಿದ್ದೆ. ಭಾವ ಬೆವರು ಸುರಿಸುತ್ತ ಒಳಗೆ ನುಗ್ಗಿದ.

"ಏಳೇ ನೂರಿಸ್! ಎರಡು ಟಿಕೆಟ್! ಮೊದಲನೇ ಬೇಸ್ ಪಕ್ಕ, ಒಳ್ಳೇ ಜಾಗ! ಬ್ಯಾಟರಿ ಅಂಗಡಿ ಅಮಾಂಸಿಯೊ ಕೊಟ್ಟ. ಅವ್ನ ಅತ್ತೆಗೆ ಹುಷಾರಿಲ್ವಂತೆ, ಪಾಪ, ದೇವ್ರು ಅವಳನ್ನ ಚೆನ್ನಾಗಿಟ್ಟಿರ್ಲಿ!"

ಅಕ್ಕ ತಟ್ಟನೆ ಎದ್ದಳು. ಬೀರು ತೆಗೆದು ಹಳದಿ ರವಿಕೆಯನ್ನು ಹೊರತೆಗೆದಳು. ಅದನ್ನು ಅವಳು ಹೊಲಿದಿಟ್ಟು ಎಷ್ಟು ವರ್ಷವಾಗಿತ್ತೋ, ಮಡಿಕೆಯ ಗೆರೆಗಳು ಬಿಳುಪಾಗಿದ್ದವು. ಇಸ್ತ್ರಿಪೆಟ್ಟಿಗೆ ಕಾಯಲು ಇಟ್ಟಳು. ಅಷ್ಟರಲ್ಲಿ ಭಾವನ ಫೋನ್ ಹಾಡಿತು.

ಕರೆ ಮಾಡಿದವನು ದೋನ್ ಎವಾರಿಸ್ತೊ, ಹಾಸಿಗೆ ಕಂಪನಿಯ ಹೊಸ ವಲಯಾಧಿಕಾರಿ. ರಾಜಧಾನಿಯವನು. ಯಾರೋ ನೆಂಟರ ಮನೆಗೆ ನಮ್ಮೂರಿಗೆ ಬಂದವನು ಹೊತ್ತು ಹೋಗದೆ ಇವನ ನೆನಪು ಮಾಡಿಕೊಂಡಿದ್ದ. ಫೋನ್ ಕಿವಿಗಿಟ್ಟ ತಕ್ಷಣ ಭಾವನ ಬೆನ್ನು ಬಾಗಿದ್ದನ್ನು ನೀವು ನೋಡಬೇಕಿತ್ತು.

"ಆಟಾನಾ ಸಾರ್? ಅಯ್ಯೋ, ನಿಮಗೋಸ್ಕರಾನೇ ಎರಡು ಟಿಕೆಟ್ ಎತ್ತಿಟ್ಟಿದೀನಿ ಸಾರ್! ... ಲಿಸೇ ಕಡೆಯೋರಾ ನೀವು? ಭೇಷ್! ನಾನೂ ಒಳಗೊಳಗೇ... ಈ ಊರಲ್ಲಿ ಬಾಯ್ಬಿಟ್ಟು ಹೇಳೋಕಾಗಲ್ಲ ನೋಡಿ ಸಾರ್."

ಅಕ್ಕನ ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಹಾಗೇ ನಿಂತಿತು.

ಫೋನಿಟ್ಟವನು ಅವಳ ಮುಖ ನೋಡಲಿಲ್ಲ. "ಬಡ್ತಿ ವಿಷಯ ಕಣೇ. ನಿನಗೂ ಒಳ್ಳೇದಲ್ವಾ? ರೇಡಿಯೋದಲ್ಲಿ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ, ನಿಜವಾಗ್ಲೂ," ಎಂದು ಟಿಕೆಟ್ಟುಗಳನ್ನು ಜೇಬಿಗಿಳಿಸಿ ಹೊರಟೇಹೋದ.

ಅತ್ತಾಳೆಂದುಕೊಂಡೆ. ಅವಳು ರವಿಕೆಯ ಇಸ್ತ್ರಿ ಮುಗಿಸಿ, ತೊಟ್ಟು, ತುಟಿಗೆ ಬಣ್ಣ ಹಚ್ಚಿಕೊಂಡಳು.

"ಬೆಲ್ಕಿಸ್, ಚಪ್ಪಲಿ ಹಾಕ್ಕೋ," ಎಂದಳು ನನಗೆ.

"ಟಿಕೆಟ್ಟೆಲ್ಲಿದೆಯೇ ಅಕ್ಕ?"

"ಇಲ್ಲ. ನಡಿ."

ಕ್ರೀಡಾಂಗಣದ ಮುಂದೆ ಜಾತ್ರೆಯನ್ನೂ ಮೀರಿಸುವ ಗದ್ದಲ. ಡೋಲು, ತುತ್ತೂರಿ, ಹುರಿದ ಹಂದಿಮಾಂಸದ ಹೊಗೆ. ಕಳ್ಳಟಿಕೆಟ್ಟಿನವರು ಹೇಳುವ ಬೆಲೆ ಕೇಳಿ ನಾನು ವಾಪಸು ಹೋಗೋಣವೆಂದು ಅಕ್ಕನ ತೋಳು ಜಗ್ಗುತ್ತಿದ್ದೆ. ಆಗ ಕಾರೊಂದರ ಬಳಿ ನಿಂತಿದ್ದ ದಪ್ಪ ಹೆಂಗಸು ಯಾರಿಗೋ ಬಯ್ಯುತ್ತಿರುವುದು ಕೇಳಿಸಿತು. ಅವಳ ಗಂಡ ಮಧ್ಯಾಹ್ನದಿಂದಲೇ ರಮ್ ಏರಿಸಿ ಹಿಂದಿನ ಸೀಟಿನಲ್ಲಿ ಬಾಯ್ದೆರೆದು ಬಿದ್ದಿದ್ದ. "ಈ ಹೆಣಾನ ಹೊತ್ಕೊಂಡು ಒಳಗ್ಹೋಗ್ಲಾ?" ಎಂದು ನಮ್ಮನ್ನೇ ಕೇಳಿದಳು. ಅಕ್ಕ ಟಿಕೆಟ್ ಕೊಡ್ತೀರಾ ಎಂದಳು. ಆಕೆ ಅಕ್ಕನ ರವಿಕೆಯನ್ನು ಮೇಲಿಂದ ಕೆಳಗೆ ನೋಡಿ, "ಹಳದಿ ತಾನೇ? ತಗೋ ಹೋಗು. ಗೆಲ್ಲೋ ತನಕ ಕಿರುಚು," ಎಂದು ಟಿಕೆಟ್ಟುಗಳನ್ನು ಅಂಗೈಗೆ ತುರುಕಿದಳು. ಅಂಥ ಹೆಂಗಸಿಗೆ ಅಂಥ ಗಂಡ. ನಮ್ಮ ದೇಶದಲ್ಲಿ ಇದೇ ನಡೆಯುವುದು.

ಜಾಗ ಮೊದಲನೇ ಬೇಸ್ ಕಡೆಯೇ ಇತ್ತು. ಹಸಿರು ಹುಲ್ಲನ್ನು ನೋಡಿ ಅಕ್ಕ ಕೂರುವುದನ್ನೇ ಮರೆತು ನಿಂತುಬಿಟ್ಟಳು. "ಇಷ್ಟು ದೊಡ್ಡದಾ?" ಎಂದಳು. ಹಿಂದಿನವರು ಕೂತ್ಕೊಳಮ್ಮ ಎಂದು ಗದರಿದ ಮೇಲೆ ಕೂತಳು. ಎರಡು ಇನ್ನಿಂಗ್ಸ್ ಮುಗಿಯುವವರೆಗೂ ಅವಳಿಗೆ ಬೇರೇನೂ ಕಾಣಲಿಲ್ಲ. ಕಂಡದ್ದು ನನಗೆ. ನಮಗಿಂತ ನಾಲ್ಕು ಸಾಲು ಕೆಳಗೆ, ಹಳದಿಯ ನಡುವೆ ನೀಲಿ ಬಟ್ಟೆಯ ಒಂದು ಪುಟ್ಟ ಗುಂಪು. ಅದರಲ್ಲಿ ನೀಲಿ ಟೋಪಿಯ ಕೆಳಗೊಂದು ಕೆಂಪು ಕತ್ತು. ಆ ಕತ್ತು ಲಿಸೇ ಓಟ ಗಳಿಸಿದಾಗಲೆಲ್ಲ ಎದ್ದು ಕುಣಿಯುತ್ತಿತ್ತು. ಪಕ್ಕದಲ್ಲಿ ಕೂತ ಬಿಳಿ ಅಂಗಿಯ ದೋನ್ ಎವಾರಿಸ್ತೊ ಸುಮ್ಮನೆ ಚಪ್ಪಾಳೆ ತಟ್ಟಿದರೆ ಇವನು ಸೀಟಿಯನ್ನೇ ಹೊಡೆಯುತ್ತಿದ್ದ.

"ಅಕ್ಕ, ಅಲ್ನೋಡು. ನಿನ್ ಯಜಮಾನ್ರು."

ಅವಳು ನೋಡಿದಳು. ಬಹಳ ಹೊತ್ತು ನೋಡಿದಳು. ಇನ್ನಿಂಗ್ಸ್ ಮುಗಿದಾಗ ಎದ್ದು ಮೆಟ್ಟಿಲಿಳಿದಳು. ನಾನೂ ಹಿಂದೆಯೇ ಓಡಿದೆ. ಇಂಥದ್ದನ್ನು ಬಿಡುವಷ್ಟು ಒಳ್ಳೆಯವಳಲ್ಲ ನಾನು.

ಭಾವನ ಬಾಯಲ್ಲಿ ಅರ್ಧ ಕಚ್ಚಿದ ಕರಿದ ಉಂಡೆಯಿತ್ತು. ಅಕ್ಕನನ್ನು ಕಂಡು ಅವನ ಮುಖ ಬೂದಿಯಾಯಿತು. ಕೈ ಟೋಪಿಯ ಕಡೆ ಹೋಯಿತು, ಅವನು ದೋನ್ ಎವಾರಿಸ್ತೊವಿನ ಕಡೆ ಕಣ್ಣು ಹಾಯಿಸಿದ ಕೂಡಲೇ ಮತ್ತೆ ಕೆಳಗಿಳಿಯಿತು.

"ಯಾರಿದು ಪೊಲಾಂಕೊ?" ಎಂದ ಅಧಿಕಾರಿ.

"ಇವ್ರು... ಇವ್ರು ನಮ್ಮ ಪಕ್ಕದ್ಮನೆಯೋರು ಸಾರ್."

ದೇವರಾಣೆ, ಹಾಗೇ ಹೇಳಿದ. ಹಲ್ಲು ಗಿಂಜುತ್ತ ಹೇಳಿದ. ಬಡಾಯಿಯನ್ನು ಸಹಿಸಬಹುದು, ಜಿಪುಣತನವನ್ನೂ ಸಹಿಸಬಹುದು. ಹಾಸಿಗೆ ಕಂಪನಿಯ ಒಬ್ಬ ಅಧಿಕಾರಿಗೆ ಹೆದರಿ ಕಟ್ಟಿಕೊಂಡವಳನ್ನೇ ಪಕ್ಕದ ಮನೆಗೆ ಸಾಗಿಸುವ ಗಂಡಸಿಗೆ ನಾನು ಯಾವ ಹೆಸರಿಡಲಿ?

ಅಕ್ಕ ದೋನ್ ಎವಾರಿಸ್ತೊವಿನ ಕೈ ಕುಲುಕಿದಳು. "ಹೌದು ಸಾರ್, ಪಕ್ಕದ್ಮನೆ. ಇವ್ರ ಹೆಂಡ್ತಿ ಒಂದ್ಮಾತು ಹೇಳಿ ಕಳ್ಸಿದ್ಲು. ಇವತ್ತು ಮನೆಗೆ ಬರೋದು ಬೇಡ್ವಂತೆ, ಇವ್ರಮ್ಮನ ಮನೆಗೇ ಹೋಗ್ಬೇಕಂತೆ." ಭಾವನ ಕಡೆ ತಿರುಗಿ, "ಟೋಪಿ ಚೆನ್ನಾಗಿ ಒಪ್ಪುತ್ತೆ ನಿಮಗೆ," ಎಂದು ಮೆಟ್ಟಿಲು ಹತ್ತಿ ಬಂದಳು.

ಸುತ್ತಲಿನ ಹಳದಿಯವರೆಲ್ಲ ಕೇಳಿಸಿಕೊಂಡಿದ್ದರು. ಒಬ್ಬ ಮುದುಕ, "ಏ ಪಕ್ಕದ್ಮನೆಯೋಳೇ, ನಮ್ಮ ಬೀದಿಗೆ ಬಂದ್ಬಿಡು!" ಎಂದು ಕೂಗಿದ. ಅಕ್ಕ ನಕ್ಕಳು, ಆದರೆ ಜಾಗಕ್ಕೆ ಬಂದು ಕೂರುವವರೆಗೂ ನನ್ನ ಮಣಿಕಟ್ಟು ಬಿಡಲಿಲ್ಲ.

ಕೊನೆಯ ಇನ್ನಿಂಗ್ಸಿನಲ್ಲಿ ಅಗಿಲಾಸ್ ಹಿಂದಿತ್ತು. ಆಮೇಲೆ ಯಾರೋ ಹೊಡೆದ ಚೆಂಡು ಗೋಡೆಗೆ ಬಡಿಯಿತು, ನಮ್ಮವರಿಬ್ಬರು ಓಡಿ ಬಂದು ಓಟ ಗಳಿಸಿದರು, ಅಗಿಲಾಸ್ ಗೆದ್ದೇಬಿಟ್ಟಿತು. ಇಡೀ ಕ್ರೀಡಾಂಗಣ ಎದ್ದು ನಿಂತಿತು. ಭಾವನೂ ಅಭ್ಯಾಸಬಲದಿಂದ ಕುರ್ಚಿಯಿಂದ ಅರ್ಧ ಎದ್ದ. ಅಧಿಕಾರಿ ತಿರುಗಿ ನೋಡಿದ. ಇವನು ಕೂತು, ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡ. ಅಕ್ಕ ಅದನ್ನು ನೋಡಲಿಲ್ಲ. ಅವಳು ಯಾರೋ ಗುರುತಿಲ್ಲದ ಮುದುಕಿಯನ್ನು ತಬ್ಬಿಕೊಂಡು ಅಳುತ್ತಿದ್ದಳು.

ಬಡ್ತಿ ಬೇರೆಯವನ ಪಾಲಾಯಿತು. ಭಾವ ಒಂದಷ್ಟು ದಿನ ತಾಯಿಯ ಮನೆಯಲ್ಲಿದ್ದು, ಕೋಳಿಸಾರು ತುಂಬಿದ ಡಬ್ಬಿ ಹಿಡಿದು ಬಂದು ಬಾಗಿಲಲ್ಲಿ ನಿಂತ. ಅಕ್ಕ ಒಳಗೆ ಬಿಟ್ಟಳು. ಅದಕ್ಕೆ ನಾನು ಇವತ್ತಿಗೂ ಅವಳನ್ನು ಕ್ಷಮಿಸಿಲ್ಲ.

"ಯಾಕೆ ಬಿಟ್ಟೆ?" ಎಂದು ಕೇಳಿದೆ.

"ಒಬ್ಳೇ ಕೂತು ರೇಡಿಯೋ ಕೇಳೋಕೆ ಬೇಜಾರು ಕಣೇ," ಎಂದಳು.

ಇದೂ ಒಂದು ಉತ್ತರವೇ? ಆಟವಿಲ್ಲದ ದಿನ ಅವನು ಮೂಲೆ ಅಂಗಡಿಯ ಡಾಮಿನೋ ಮೇಜಿನ ಮುಂದೆ ಕೂತು, ತಾನು ಆ ಭಾನುವಾರ ಕೊನೇ ಗಳಿಗೆಯಲ್ಲಿ ಎಷ್ಟು ಪಾಡುಪಟ್ಟು ಟಿಕೆಟ್ ಹೊಂದಿಸಿ ಹೆಂಡತಿಯನ್ನು ಆಟಕ್ಕೆ ಕರೆದುಕೊಂಡು ಹೋದೆ ಎಂದು ಹೊಸಬರಿಗೆ ಹೇಳುತ್ತಿರುತ್ತಾನೆ. ಹಳಬರು ಸುಮ್ಮನೆ ಕಾಯಿ ಸರಿಸುತ್ತಾರೆ. ಅಕ್ಕ ಆ ಬೀದಿಯಲ್ಲಿ ಹಾದುಹೋದರೆ ಮಾತ್ರ ಅವರು ಎದ್ದು, "ಏನಮ್ಮ ಪಕ್ಕದ್ಮನೆಯೋರೇ, ಚೆನ್ನಾಗಿದೀರಾ?" ಎನ್ನುತ್ತಾರೆ.