ಒಗ್ಗರಣೆಯಿಲ್ಲದ ಬೀದಿಯ ಮೇಲೆ ಹೆಲಿಕಾಪ್ಟರ್

ಹೆಲಿಕಾಪ್ಟರ್ ಬಂದ ದಿನ ನಮ್ಮ ಬೀದಿಯಲ್ಲಿ ಯಾರೂ ಒಗ್ಗರಣೆ ಹಾಕಿರಲಿಲ್ಲ. ಚಿಕ್ಕಮ್ಮನ ರೇಷ್ಮೆಹುಳು ಹಣ್ಣಾಗಿ, ಅಂದರೆ ಗೂಡು ಕಟ್ಟುವ ಹದಕ್ಕೆ ಬಂದು, ಚಂದ್ರಿಕೆ ಹತ್ತಿದ್ದವು. ಚಂದ್ರಿಕೆ ಎಂದರೆ ಬಿದಿರಿನ ದೊಡ್ಡ ತಟ್ಟಿ. ಅದರ ಸುರುಳಿಗಳ ನಡುವೆ ಕೂತು ಹುಳು ಗೂಡು ಕಟ್ಟುತ್ತದೆ. ಗಾಳಿಯಾಡಲೆಂದು ಅವನ್ನು ಹೊರಗೆ ನೆರಳಲ್ಲಿ ಗೋಡೆಗೆ ಒರಗಿಸುತ್ತಾರೆ. ಮೆಣಸಿನಕಾಯಿ ಘಾಟು ಹುಳುವಿಗೆ ಆಗದು ಎಂದು, ಯಾರ ಮನೆಯ ಹುಳು ಹತ್ತಿದರೂ ಇಡೀ ಬೀದಿ ಸಪ್ಪೆ ಸಾರು ಉಣ್ಣುತ್ತದೆ. ಪಕ್ಕದ ಮನೆಯ ಸಾಬರ ಬಿರಿಯಾನಿಯೂ ಮುಂದಕ್ಕೆ ಹೋಗುತ್ತದೆ.

ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಆಡಿ ನಾಲಿಗೆ ಮಸೆದುಕೊಂಡಿದ್ದ ನಾನು ಇದಕ್ಕೂ ತಕರಾರು ತೆಗೆದಿದ್ದೆ. "ಘಾಟಿಗೆ ಹುಳು ಸಾಯುತ್ತೆ ಅನ್ನೋದಕ್ಕೆ ಪುರಾವೆ ಏನು ಚಿಕ್ಕಮ್ಮ?"

"ನೀನೇ ಹುಳು ಸಾಕಿ, ಪಕ್ಕದಲ್ಲಿ ಕೂತು ಮೆಣಸಿನ್ಕಾಯಿ ಹುರಿಯೇ ಲಾಯರಮ್ಮ. ಆಮೇಲೆ ಬಂದು ಹೇಳು."

ಟೇಕಲ್ ಬೆಟ್ಟದ ಸುತ್ತ ಪ್ರವಾಸಿಗರನ್ನು ಹಾರಿಸಲು ಒಂದು ಕಂಪನಿ ನಮ್ಮ ಬೀದಿಯ ಹಿಂದಿನ ಬೀಳು ಹೊಲವನ್ನು ಗುತ್ತಿಗೆಗೆ ಹಿಡಿದಿತ್ತು. ಪ್ರವಾಸೋದ್ಯಮದ ಹೆಸರಲ್ಲಿ ಸರ್ಕಾರದಿಂದ ರಿಯಾಯಿತಿ ಕೇಳಿತ್ತು. ಪಂಚಾಯಿತಿಯೂ ತನ್ನ ಪಾಲಿನ ತೆರಿಗೆ ಬಿಡಬೇಕೆಂದು ಕಂಪನಿ ಅರ್ಜಿ ಹಾಕಿತ್ತು. ಮಧ್ಯಾಹ್ನ ಅದರ ಮೇಲೆ ಗ್ರಾಮಸಭೆ. ಬೆಳಿಗ್ಗೆ ಊರನ್ನು ಒಲಿಸಿಕೊಳ್ಳಲು ಪುಕ್ಕಟೆ ಹಾರಾಟ.

ಎರಡು ವಾರದಿಂದ ನಾನು ಇದಕ್ಕೆ ವಿರೋಧವಾಗಿ ಮಾತಾಡುತ್ತಿದ್ದುದು ಕಂಪನಿಯ ಮ್ಯಾನೇಜರಿಗೆ ಗೊತ್ತಿತ್ತು. "ವಿರೋಧ ಮಾಡೋರೇ ಮೊದ್ಲು ಹತ್ತಿ ಮೇಡಂ," ಎಂದರು. ಎದುರಾಳಿಯ ವಾದವನ್ನು ಒಳಗಿನಿಂದಲೇ ನೋಡಬೇಕು ಎಂದು ನನಗೆ ನಾನೇ ಹೇಳಿಕೊಂಡು ಹತ್ತಿದೆ. ನಿಜ ಹೇಳಬೇಕೆಂದರೆ ಕರೆಯದಿದ್ದರೂ ಹತ್ತುತ್ತಿದ್ದೆ.

ನೆಲ ಜಾರಿತು. ಬೆಟ್ಟದ ಬಂಡೆಗಳು ಕಣ್ಣಿನ ಮಟ್ಟಕ್ಕೆ ಬಂದವು, ರೈಲು ಹಳಿ ಬಿಸಿಲಿಗೆ ಮಿಂಚಿತು, ಹಿಪ್ಪುನೇರಳೆ ತೋಟಗಳು ಹಸಿರು ಕರವಸ್ತ್ರದಷ್ಟಾದವು. ನಾನು ಕಿರುಚಿದೆ, ಖುಷಿಗೆ!

ತಿರುಗಿ ಹೊಲದ ಕಡೆ ಇಳಿಯುವಾಗ ನಮ್ಮ ಬೀದಿಯ ಮೇಲೆ ಧೂಳು ಎದ್ದಿತು. ಧೂಳಿನೊಳಗೆ ಚಿಕ್ಕಮ್ಮ ಕೈ ಚಾಚಿ ಒಂದು ಚಂದ್ರಿಕೆಯನ್ನು ಗೋಡೆಗೆ ಅದುಮಿ ನಿಂತಿದ್ದಳು. ಪಕ್ಕದಲ್ಲಿ ಸಾಬರು, ಅವರ ಹೆಂಡತಿ, ಎದುರು ಮನೆಯವರು, ಒಬ್ಬೊಬ್ಬರೂ ಒಂದೊಂದನ್ನು ತಬ್ಬಿಕೊಂಡಿದ್ದರು. ಒಂದು ಚಂದ್ರಿಕೆ ಮಕಾಡೆ ಬಿದ್ದಿತ್ತು. ಅವರ ಬಾಯಿಗಳು ತೆರೆದಿದ್ದವು. ಕಿವಿಗೆ ಹೆಡ್‌ಫೋನ್ ಹಾಕಿದ್ದ ನನಗೆ ಏನೂ ಕೇಳಿಸಲಿಲ್ಲ. "ಇಲ್ಲಿ ಇಳಿಸಬೇಡಿ!" ಎಂದು ಕೂಗಿದೆ. ಪಕ್ಕದಲ್ಲಿ ಕೂತಿದ್ದ ಮ್ಯಾನೇಜರ್, ಖುಷಿಗೆ ಕೂಗಿದೆನೆಂದುಕೊಂಡು, ನಗುತ್ತಾ ಹೆಬ್ಬೆರಳು ಎತ್ತಿ ತೋರಿಸಿದರು.

ಸಭೆ ಶಾಲೆಯ ಅಂಗಳದಲ್ಲಿ ಸೇರಿತು. ಮ್ಯಾನೇಜರ್ ಚೆನ್ನಾಗಿಯೇ ಮಾತಾಡಿದರು. "ಎರಡೇ ನಿಮಿಷದ ಶಬ್ದ. ಹುಡುಗರಿಗೆ ಕೆಲಸ ಸಿಗುತ್ತೆ. ಬೀಳು ಬಿದ್ದಿದ್ದ ಹೊಲ ಅದು, ತೆರಿಗೆ ಬಿಟ್ಟರೆ ನಿಮ್ಮ ಕೈಯಿಂದ ಹೋಗೋದೇನು?"

ನಾನು ಎದ್ದೆ. "ಬಿಟ್ಟುಕೊಡೋದು ಈ ಬೀದಿಗೆ ಹೊಸದಲ್ಲ ಸಾರ್. ಇವತ್ತು ನಮ್ಮ ಹುಳುವಿಗಾಗಿ ಎಲ್ಲರೂ ಒಗ್ಗರಣೆ ಬಿಟ್ಟಿದ್ದಾರೆ. ನಾಳೆ ಅವರ ಹುಳು ಹತ್ತಿದಾಗ ನಾವು ಬಿಡ್ತೀವಿ. ನಾವು ನಿಮಗೆ ತೆರಿಗೆ ಬಿಟ್ಟರೆ, ನೀವು ನಮಗೇನು ಬಿಡ್ತೀರಿ?"

"ಏನು ಬಿಡಬೇಕು, ಹೇಳಿ ಮೇಡಂ."

ಈ ಮಾತಿಗೇ ಕಾದಿದ್ದೆ. "ಚಂದ್ರಿಕೆ ಹೊರಗಿರೋ ದಿನ ಹಾರೋದು ಬಿಡಿ."

"ಅದು ಹೇಗಾಗುತ್ತೆ? ಬುಕಿಂಗ್ ಆಗಿರುತ್ತಲ್ಲ!"

ಹಿಂದಿನಿಂದ ಸಾಬರು ಕೂಗಿದರು: "ನಮ್ ಬಿರಿಯಾನಿಗೂ ಬುಕಿಂಗ್ ಇತ್ತು ಸಾರ್! ಹೆಂಡ್ತಿ ತಮ್ಮಂದಿರು ಬಂದು ಸಪ್ಪೆ ಸಾರು ಉಂಡ್ಕೊಂಡು ಹೋದ್ರು!"

ಅಂಗಳ ನಕ್ಕಿತು. ಅಧ್ಯಕ್ಷರು ಕೈ ಎತ್ತಿಸಿದರು. ಕೆಲಸದ ಆಸೆಯ ಹುಡುಗರು ಕಂಪನಿಯ ಪರ ಎತ್ತಿದರು. ಅವರನ್ನು ತಪ್ಪು ಅನ್ನಲು ನನಗೆ ಬಾಯಿ ಬರಲಿಲ್ಲ. ಆದರೂ ಈ ಕಡೆಯ ಕೈಗಳೇ ಹೆಚ್ಚಾದವು. ತೆರಿಗೆ ಬಿಡುವುದಿಲ್ಲ, ದಿನ ಬಿಡಲು ಆಗದು ಅಂದಮೇಲೆ ಇಳಿಯುವ ಜಾಗವೇ ಊರ ಕೆರೆಯಾಚೆಗೆ ಹೋಗಬೇಕು ಎಂದು ತೀರ್ಮಾನವಾಯಿತು. ಕಂಪನಿ ಮೇಲಿನ ಅಧಿಕಾರಿಗಳ ಬಳಿ ಹೋಗಬಹುದು. ಹೋಗಲಿ, ಅಲ್ಲಿಗೂ ನಾನು ಬರುತ್ತೇನೆ.

ಮನೆಗೆ ಓಡಿದೆ. ಚಿಕ್ಕಮ್ಮ ಸಭೆಗೆ ಬಂದೇ ಇರಲಿಲ್ಲ. ನೆಲಕ್ಕೆ ಉದುರಿದ ಹುಳುಗಳನ್ನು ಹೆಕ್ಕಿ ಮತ್ತೆ ಚಂದ್ರಿಕೆಗೆ ಬಿಡುತ್ತಿದ್ದಳು.

"ಗೆದ್ವಿ ಚಿಕ್ಕಮ್ಮ!"

"ಕೈ ತೊಳ್ಕೊಂಡು ಬಾ, ಆಮೇಲೆ ಗೆಲ್ಲುವಂತೆ."

ತೊಳೆದು ಬಂದು ಪಕ್ಕದಲ್ಲಿ ಕೂತೆ. ಕೆಲವು ಹುಳು ಮುದುಡಿಕೊಂಡೇ ಇದ್ದವು. ಹೆಚ್ಚಿನವು ಬೆರಳಿನಿಂದ ಬಿದಿರಿಗೆ ದಾಟಿ ತಲೆ ಆಡಿಸತೊಡಗಿದವು, ನೂಲು ಹೊರಟಿತು.

"ಬೆಳೆ ಉಳೀತಾ?"

"ಮುಕ್ಕಾಲು ಉಳೀತು ಕಣೇ." ಹುಳು ಹೆಕ್ಕುತ್ತಲೇ ಕೇಳಿದಳು: "ಮೇಲಿಂದ ನಮ್ಮ ಬೀದಿ ಹೆಂಗೆ ಕಾಣುತ್ತೆ?"

"ತುಂಬಾ ಚೆನ್ನಾಗಿ ಕಾಣುತ್ತೆ ಚಿಕ್ಕಮ್ಮ."

"ಹಂಗಾದ್ರೆ ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕಿದ್ಮೇಲೆ ನನ್ನೂ ಕರ್ಕೊಂಡು ಹೋಗೇ, ಕೆರೆಯಾಚೆಗೆ. ಅವ್ರು ತೆರಿಗೆ ಕಟ್ಲಿ, ನಾನು ಟಿಕೆಟ್ ತಗೋತೀನಿ."