ಲೀಟಾ ಪ್ರೂಯಿಟ್ ತೋಡಿದ ಉಪ್ಪಿನ ಗುಂಡಿ

ಜಿಂಕೆಗೆ ಯಾವ ಕಾಲಕ್ಕೆ ಏನು ಬೇಕು ಎಂಬುದನ್ನು ಲೀಟಾ ಪ್ರೂಯಿಟ್‌ಳಷ್ಟು ಬಲ್ಲವರು ಅಮೆರಿಕದ ಓಝಾರ್ಕ್ ಗುಡ್ಡಗಳ ಆ ಮೂಲೆಯಲ್ಲಿ ಇನ್ನೊಬ್ಬರಿರಲಿಲ್ಲ. ಪಶು ಆಹಾರದ ಅಂಗಡಿಯಲ್ಲಿ ಇಪ್ಪತ್ತೆಂಟು ವರ್ಷ ವ್ಯಾಪಾರ ಮಾಡಿದವಳು ಅವಳು. ಮಾರ್ಚ್ ತಿಂಗಳು ಬಂತೆಂದರೆ, ಜಿಂಕೆಗಳನ್ನು ಸೆಳೆಯಲು ಕಾಡಿನ ಗುಂಡಿಗಳಿಗೆ ಹಾಕುವ ಉಪ್ಪಿಗಾಗಿ ಬೇಟೆಗಾರರು ಸಾಲಾಗಿ ಬಂದು ಅವಳ ಮುಂದೆ ನಿಲ್ಲುತ್ತಿದ್ದರು.

“ಡಬ್ಬಿ ಮೇಲಿನ ಕೊಂಬಿನ ಚಿತ್ರ ನೋಡಿ ಮರುಳಾಗ್ಬೇಡ ಕಣೋ. ಆ ಸೇಬಿನ ವಾಸನೆ ಹಾಕಿರೋದು ನಿನ್ನ ಮೂಗಿಗೆ, ಜಿಂಕೆ ಮೂಗಿಗಲ್ಲ,” ಎನ್ನುತ್ತಿದ್ದಳು. ದನಗಳಿಗೆ ಕೊಡುವ ಖನಿಜದ ಪುಡಿ ಎರಡು ಪಾಲು, ಉಪ್ಪು ಒಂದು ಪಾಲು, ಮೂಳೆಗೆ ಬಲ ಕೊಡುವ ಬಿಳಿ ಸುಣ್ಣದ ಪುಡಿ ಒಂದು ಪಾಲು. ಇಷ್ಟೇ ಅವಳ ಲೆಕ್ಕ. ಎಳೆ ಹುಲ್ಲು ಮೇಯುವ ಕಾಲಕ್ಕೆ ಜಿಂಕೆ ಉಪ್ಪಿಗಾಗಿ ಹಾತೊರೆಯುತ್ತದೆ. ಅಕ್ಟೋಬರ್‌ನಲ್ಲಿ ಬಿಳಿ ಓಕ್ ಕಾಯಿ ಉದುರಿತೋ, ಉಪ್ಪನ್ನು ಮೂಸಿಯೂ ನೋಡುವುದಿಲ್ಲ. “ಆಗ ಮರದ ಕೆಳಗೆ ಹೋಗಿ ಕೂತ್ಕೋ,” ಎಂದು ಕಳಿಸುತ್ತಿದ್ದಳು.

ಅವಳದೇ ಒಂದು ಗುಂಡಿ ಮನೆಯ ಹಿಂದಿನ ದಿಣ್ಣೆಯ ಮೇಲಿತ್ತು. ಗಂಡ ಆರ್ವಲ್ ತೀರಿಕೊಂಡ ವರ್ಷ ತೋಡಿದ್ದು. ಇಪ್ಪತ್ತೆರಡು ವರ್ಷ ಜಿಂಕೆಗಳು ಮಣ್ಣನ್ನೂ ಬಿಡದೆ ನೆಕ್ಕಿ ನೆಕ್ಕಿ ಅದು ಸ್ನಾನದ ತೊಟ್ಟಿಯಷ್ಟು ಆಳವಾಗಿತ್ತು.

ಆ ವರ್ಷ ಪಕ್ಕದ ಜಿಲ್ಲೆಯಲ್ಲಿ ಜಿಂಕೆಗಳ ಸೊರಗುವ ರೋಗ ಕಾಣಿಸಿತು. ವನ್ಯಜೀವಿ ಇಲಾಖೆಯವರು ಅಂಗಡಿಯ ಗೋಡೆಗೆ ಒಂದು ಹಾಳೆ ಅಂಟಿಸಿ ಹೋದರು. ರೋಗ ಜೊಲ್ಲಿನಿಂದ ಹರಡುತ್ತದೆ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಮನುಷ್ಯರಿಗೆ ಬಂದ ಉದಾಹರಣೆ ಇಲ್ಲ; ಆದರೂ ಪರೀಕ್ಷೆ ಮಾಡಿಸಿಯೇ ಮಾಂಸ ತಿನ್ನಿ. ಲೀಟಾ ಅದನ್ನು ಎರಡು ಸಲ ಓದಿದಳು. ಒಂದೇ ಗುಂಡಿಗೆ ಇಡೀ ಕಾಡಿನ ನಾಲಿಗೆಗಳು!

ನವೆಂಬರ್‌ನಲ್ಲಿ ಬೇಟೆ ಶುರುವಾದ ಮೊದಲ ದಿನವೇ ಅವಳಿಗೆ ಎಂಟು ಕವಲಿನ ಕೊಂಬಿದ್ದ ಗಂಡು ಜಿಂಕೆ ಸಿಕ್ಕಿತು. ತಮ್ಮ ವರ್ಲಿನ್ ಜೊತೆ ಕೂತು ಮಾಂಸ ಕೊಚ್ಚಿ, ಪೊಟ್ಟಣ ಕಟ್ಟಿ ಫ್ರೀಜರಿಗೆ ಹಾಕಿದಳು. ತಲೆಯನ್ನು ಪರೀಕ್ಷೆಗೆ ಕೊಟ್ಟು ಬಂದಳು.

“ಅಕ್ಕಾ, ಅದು ಚಂಗನೆ ಓಡ್ತಿದ್ದ ಜಿಂಕೆ. ಅದಕ್ಕೇನು ರೋಗ? ನಿನಗೇ ಮೊದಲು ಪರೀಕ್ಷೆ ಮಾಡಿಸ್ಬೇಕು,” ಎಂದು ವರ್ಲಿನ್ ನಕ್ಕ.

“ಉತ್ತರ ಬರೋವರೆಗೆ ಮುಟ್ಬೇಡ,” ಎಂದಳು ಲೀಟಾ.

ಬುಧವಾರ ಅವಳು ಕೆಲಸ ಮುಗಿಸಿ ಬರುವಷ್ಟರಲ್ಲಿ ಅಡುಗೆಮನೆ ತುಂಬ ಖಾರದ ಘಮ. ವರ್ಲಿನ್ ಬೀನ್ಸ್ ಹಾಕಿ ಮಾಂಸದ ಸಾರು ಮಾಡಿದ್ದ. ಮೇಜಿನ ಬಳಿ ಕೂತಿದ್ದ ಸೊಸೆ, ಲೀಟಾಳ ಮಗನ ಹೆಂಡತಿ ಜೋಲೀನ್, ಏಳು ತಿಂಗಳ ಬಸುರಿ, ಎರಡನೆಯ ಬಟ್ಟಲು ಮುಗಿಸುತ್ತಿದ್ದಳು.

“ಯಾವ ಪೊಟ್ಟಣ ತೆಗೆದೆ?” ಲೀಟಾ ಫ್ರೀಜರಿನತ್ತ ತಿರುಗಿದಳು.

“ಮೇಲಿದ್ದದ್ದು. ಯಾಕೆ?”

ಮೇಲಿದ್ದದ್ದೆಲ್ಲ ಹೊಸ ಜಿಂಕೆಯದು, ಇನ್ನೂ ಉತ್ತರ ಬರದಿದ್ದದ್ದು. ಜೋಲೀನ್ ನಗುತ್ತಾ, “ಮಗೂಗೆ ಇಷ್ಟ ಆಗಿದೆ ಅತ್ತೆ, ಒದೀತಾ ಇದೆ,” ಎಂದಳು. ಅವಳು ಹೊರಟ ಮೇಲೆ ಲೀಟಾ ಉಳಿದ ಸಾರನ್ನು ಚೆಲ್ಲಲು ಹಿತ್ತಿಲಿಗೆ ಒಯ್ದವಳು, ನರಿಯೋ ನಾಯಿಯೋ ತಿಂದರೆ ಎಂದು ಅಲ್ಲೇ ನಿಂತಳು. ಕೊನೆಗೆ ಚೀಲಕ್ಕೆ ಸುರಿದು ಗಂಟು ಹಾಕಿ ಕಸದ ಡಬ್ಬಕ್ಕೆ ಹಾಕಿದಳು.

ಭಾನುವಾರ ಮಧ್ಯಾಹ್ನ ದಿಣ್ಣೆ ಹತ್ತಿದಾಗ ಗುಂಡಿಯಲ್ಲಿ ಒಂದು ಹೆಣ್ಣು ಜಿಂಕೆ ನಿಂತಿತ್ತು. ಪಕ್ಕೆಲುಬು ಎಣಿಸಬಹುದಿತ್ತು. ಕಿವಿ ಜೋತುಬಿದ್ದು, ಬಾಯಿಂದ ಜೊಲ್ಲು ಎಳೆಎಳೆಯಾಗಿ ಮಣ್ಣಿಗೆ ಇಳಿಯುತ್ತಿತ್ತು. ಲೀಟಾ ಹತ್ತು ಹೆಜ್ಜೆ ದೂರದಲ್ಲಿದ್ದರೂ ಅದು ಓಡಲಿಲ್ಲ. ಓಡು ಎಂದು ಅವಳು ಚಪ್ಪಾಳೆ ತಟ್ಟಿದಳು. ಅದು ಅವಳತ್ತ ನೋಡಿತು, ಅಷ್ಟೆ.

ಇಲಾಖೆಯವರು ಬಂದು ಅದನ್ನು ಕೊಂದು ಒಯ್ದರು. ಅಂದೇ ಅವಳು ಸೊಸೆಯ ಮನೆಗೆ ಹೋಗಿ ಎಲ್ಲ ಹೇಳಿದಳು.

ಜೋಲೀನ್ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. “ಅವತ್ತೇ ಯಾಕೆ ಹೇಳ್ಲಿಲ್ಲ ಅತ್ತೆ?”

“ಹೆದರಿಕೆ ಆಯ್ತು ಕಣಮ್ಮ.”

“ನನಗೆ ಹೆದರಿಕೆ ಆಗ್ತದೆ ಅಂತಲೋ, ನಿಮಗೆ ಬೈತೀನಿ ಅಂತಲೋ?”

“ಪರೀಕ್ಷೆಯ ಉತ್ತರ ಬಂದ ತಕ್ಷಣ ಹೇಳ್ತೀನಿ,” ಎಂದಳು ಲೀಟಾ.

ಅಂದಿನಿಂದ ದಿನವೂ ಬೆಳಿಗ್ಗೆ ಜೋಲೀನ್ ಫೋನ್ ಮಾಡುತ್ತಿದ್ದಳು. “ಬಂತಾ?” “ಇಲ್ಲ.” ಅಷ್ಟೇ ಮಾತು. ಲೀಟಾಳಿಗೆ ಅನ್ನ ನೀರು ರುಚಿಸದಾಯಿತು. ಗಿರಾಕಿ ಜೋಳ ಕೇಳಿದರೆ ಓಟ್ಸ್ ಕೊಟ್ಟು ಕಳಿಸುತ್ತಿದ್ದಳು. ಜೋಲೀನ್‌ಳನ್ನು ನೋಡುತ್ತಿದ್ದ ವೈದ್ಯರು ಧೈರ್ಯ ಹೇಳಿದ್ದರು ನಿಜ. ಧೈರ್ಯ ಮನೆ ತಲುಪುವಷ್ಟರಲ್ಲಿ ಕರಗಿಹೋಗುತ್ತಿತ್ತು.

ಮೂರು ವಾರಕ್ಕೆ ಇಲಾಖೆಯಿಂದ ಅಂಗಡಿಗೇ ಫೋನ್ ಬಂತು. ಗಂಡು ಜಿಂಕೆಯಲ್ಲಿ ರೋಗ ಕಂಡಿಲ್ಲ. ಹೆಣ್ಣು ಜಿಂಕೆಗೆ ಇತ್ತು. ಲೀಟಾ ಮೇವಿನ ಚೀಲದ ಮೇಲೆ ಕೂತು ಸೊಸೆಗೆ ಫೋನ್ ಹಚ್ಚಿದಳು. ಆ ಕಡೆ ಜೋಲೀನ್ ಬಿಕ್ಕಿ ಬಿಕ್ಕಿ ಅತ್ತಳು. ಈ ಕಡೆ ಲೀಟಾಳಿಗೆ ಅಳುವೂ ಬರಲಿಲ್ಲ. ಆ ಗುಂಡಿಯಲ್ಲಿ ಇನ್ನೆಷ್ಟು ಜಿಂಕೆಗಳು ನೆಕ್ಕಿ ಹೋಗಿದ್ದವೋ!

ಮರುದಿನದಿಂದ ಅವಳು ಬಂದವರಿಗೆಲ್ಲ ಒಂದೇ ಮಾತು ಹೇಳತೊಡಗಿದಳು: “ಉಪ್ಪು ದನಕ್ಕಾದ್ರೆ ಕೊಡ್ತೀನಿ. ಕಾಡಿಗೆ ಹಾಕೋಕಾದ್ರೆ ಇಲ್ಲ.”

“ಹಾಕು ಹಾಕು ಅಂತ ಕಲಿಸಿದವಳೇ ನೀನಲ್ವಾ?” ಎಂದ ಹಾರ್ಲನ್, ಅವಳ ಹಳೆಯ ಗಿರಾಕಿ.

“ಹೌದು ಹಾರ್ಲನ್. ನಾನೇ ಕಲಿಸಿದ್ದು. ಈಗ ನಾನೇ ಬೇಡ ಅಂತಿದ್ದೀನಿ.”

“ಹಾಗಾದ್ರೆ ಬೇರೆ ಕಡೆ ತಗೋತೀನಿ ಬಿಡು.” ಅವನು ಬಾಗಿಲು ದಢಾರನೆ ಎಳೆದುಕೊಂಡು ಹೋದ. ಕೆಲವರು ಅವನ ಹಿಂದೆ ಹೋದರು. ಇಬ್ಬರು ಮಾತ್ರ, ಗುಂಡಿ ಮುಚ್ಚುವುದು ಹೇಗೆಂದು ಕೇಳಿದರು.

ಜನವರಿಯಲ್ಲಿ ಮೊಮ್ಮಗಳು ಹುಟ್ಟಿದಳು, ಗುಂಡುಗುಂಡಾಗಿ. ಜೋಲೀನ್ ಮಗುವನ್ನು ಅತ್ತೆಯ ಮಡಿಲಿಗೆ ಹಾಕಿದಳು. ಆದರೆ ಲೀಟಾಳ ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ತಟ್ಟೆಯಲ್ಲಿರುವುದು ಏನು, ಎಲ್ಲಿಯದು ಎಂದು ಕೇಳಿಯೇ ಕೇಳುತ್ತಿದ್ದಳು. ಲೀಟಾ ಪ್ರತಿ ಸಲವೂ ಹೇಳುತ್ತಿದ್ದಳು.

ಗುಂಡಿಗೆ ಡಿಸೆಂಬರಿನಲ್ಲೇ ಅಕ್ಕ ತಮ್ಮ ಕಬ್ಬಿಣದ ಬೇಲಿ ಹಾಕಿದ್ದರು. ಮಾರ್ಚ್‌ನಲ್ಲಿ ಹೋಗಿ ನೋಡಿದರೆ ಸುತ್ತಲೂ ಹೊಸ ಗೊರಸಿನ ಗುರುತು. ಮಳೆಗೆ ಉಪ್ಪು ಇಳಿದ ಕಡೆಯಲ್ಲೆಲ್ಲ ಬೇಲಿಯ ಹೊರಗಿನ ಮಣ್ಣನ್ನೂ ಜಿಂಕೆಗಳು ನೆಕ್ಕಿದ್ದವು.

ವರ್ಲಿನ್ ಈ ಸಲ ನಗಲಿಲ್ಲ. “ಬೇಲಿ ಇನ್ನಷ್ಟು ದೂರಕ್ಕೆ ಹಾಕೋಣ ಅಕ್ಕಾ,” ಎಂದು ಹಾರೆ ತರಲು ಇಳಿದು ಹೋದ.