ದಸರಾ ಕಚೇರಿಗೆ ಒಂದು ರೂಮು

ಪೂರಿಗಾಲಿಯ ಚಿಕ್ಕತಾಯಮ್ಮನಿಗೆ ಹಾಲು ಕರೆಯುವಾಗಲೂ ಫೋನಿನಲ್ಲಿ ಕೊಳಲು ಕೇಳುತ್ತಿರಬೇಕು. ವರ್ಷಕ್ಕೊಮ್ಮೆ ಕೊಟ್ಟಿಗೆಯನ್ನು ಗಂಡನಿಗೆ ಬಿಟ್ಟು, ದಸರಾ ಸಂಗೀತ ಕಚೇರಿಗೆಂದು ಎರಡು ದಿನ ಮೈಸೂರಿಗೆ ಹೋಗುತ್ತಾರೆ. ಹೋಗುವುದು ಸಲೀಸು, ಉಳಿಯುವುದೇ ತಲೆನೋವು. ನಾದಿನಿ ಸುಶೀಲ ಇರುವ ಊರಿನಲ್ಲಿ ಲಾಡ್ಜು ಹಿಡಿದರೆ ನೆಂಟರೆಲ್ಲ ಮುನಿಸಿಕೊಳ್ಳುತ್ತಾರೆ. ಅವಳ ಮನೆಗೆ ಹೋದರೋ, "ಮುದ್ದೆ ಉಣ್ದೆ ಎಂಗ್ ಓದೀರಿ, ಕೂತ್ಕಳಿ ಅತ್ಗೆ" ಎನ್ನುತ್ತಾಳೆ. ಸಾರು ಕುದಿಯುವಷ್ಟರಲ್ಲಿ ಅರಮನೆ ಅಂಗಳದಲ್ಲಿ ಮಂಗಳ ಹಾಡಿ ಮುಗಿದಿರುತ್ತದೆ.

ಈ ಸಲ ಚಿಕ್ಕತಾಯಮ್ಮ ಗಬ್ಬವೇ ಇಲ್ಲದ ಹಸುವಿನ ನೆಪ ತೆಗೆದರು. "ಹಸ ಈಯಂಗದೆ, ಬರಕಾಗಕಿಲ್ಲ ಕಣಮ್ಮ" ಎಂದು ನಾದಿನಿಗೆ ಫೋನಿನಲ್ಲಿ ಹೇಳಿ, ಅರಮನೆ ಹತ್ತಿರದ ಲಾಡ್ಜಿನಲ್ಲಿ ರೂಮು ಹಿಡಿದರು. ಸಂಜೆ ರೇಷ್ಮೆ ಸೀರೆ ಉಟ್ಟು, ಹಾಯಾಗಿ ಬಾಗಿಲೆಳೆದುಕೊಂಡು ಹೊರಬಂದರು. ಎದುರು ರೂಮಿನ ಬಾಗಿಲೂ ತೆರೆಯಿತು. ಅಲ್ಲಿ ಸುಶೀಲ ಮಲ್ಲಿಗೆ ಮುಡಿದು ನಿಂತಿದ್ದಳು.

"ಮನೆ ತುಂಬ ದಸರಾ ನೆಂಟ್ರು. ನಿಮ್ಮ ಹಸ ಈಯಂಗದೆ, ಪೂರಿಗಾಲಿಗೆ ಓಯ್ತೀನಿ ಅಂತೇಳಿ ಬಂದ್ಬುಟ್ಟೆ" ಎಂದಳು ಸುಶೀಲ. "ಬರ್ವಾಗ ಗಿಣ್ಣಾಲು ತತ್ತೀನಿ ಅಂತ್ಲೂ ಅಂದಿವ್ನಿ ಕಣತ್ಗೆ."